ಸೈಕಲ್ ಸ್ಟ್ಯಾಂಡಿನ ಸದ್ದು

(ಹೋದ ತಿಂಗಳು ದಾವಣಗೆರೇಲಿ ಬಿ.ಎಡ್. ಓದ್ತಿರೋ ಹುಡುಗ ಹುಡುಗೀರು, ಸುತ್ತಮುತ್ತಲ ಅಂಗನವಾಡಿ ಟೀಚರ್‌ಗಳು ಸೇರಿದ್ದ ಒಂದು ಸಭೇಲಿ ಆಡಿದ ಮಾತು ಇದು. ಬರ್ಕೊಂಡು ಹೋಗಿ ಓದಿದ್ದಲ್ಲ, ಆಡಿದ್ದನ್ನ ಆಮೇಲೆ ನೆನಪು ಮಾಡ್ಕೊಂಡು ಬರ್ದಿದ್ದು. ಮಾತು ಬಂದಂಗೇ ಬಿಟ್ಟಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಬ್ಯಾನರ್ ಮೇಲೆ ಮಕ್ಕಳ ಮನಸ್ಸು ಮತ್ತು ಶಿಕ್ಷಕರು ಅಂತ ಇದೆ. ಅಷ್ಟು ದೊಡ್ಡ ವಿಷಯ ನನ್ ಕೈಲಿ ಆಗಲ್ಲ, ಅದ್ರೊಳಗೆ ಒಂದೇ ಒಂದು ಮೂಲೆ ಹಿಡ್ಕೊಂಡು ಮಾತಾಡ್ತೀನಿ. ಮನೇಲಿ ಹೊಡೆದಾಟ ಬಡಿದಾಟ ನೋಡ್ಕೊಂಡು, ತಿನ್ಕೊಂಡು ಬೆಳೆದ ಮಗು ನಲವತ್ತು ಐವತ್ತು ವರ್ಷದ ಮನುಷ್ಯ ಆದ್ಮೇಲೆ ಅದರೊಳಗೆ ಏನು ಉಳ್ಕೊಂಡಿರುತ್ತೆ ಅನ್ನೋದು. ನಾನು ಡಾಕ್ಟ್ರಲ್ಲ, ಸೈಕಾಲಜಿ ಓದಿದವನೂ ಅಲ್ಲ, 26 ವರ್ಷದಿಂದ ಹೈಸ್ಕೂಲಲ್ಲಿ ಗಣಿತ ಹೇಳ್ತಿರೋ ಮೇಷ್ಟ್ರು. ಆದ್ರೆ ಈ ವಿಷಯ ನಂಗೆ ಪುಸ್ತಕದಿಂದ ಬಂದಿದ್ದಲ್ಲ, ಮೊದಲು ಮೈಮೇಲೆ ಬಂತು, ಪುಸ್ತಕ ಓದಿದ್ದು ಬಹಳ ಆಮೇಲೆ.

ನಾನು ಹುಟ್ಟಿ ಬೆಳೆದಿದ್ದು ಇದೇ ಊರಲ್ಲಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಈ ಊರನ್ನ ಕರೀತಿದ್ದ ಕಾಲ ಅದು. ಹತ್ತಿ ಮಿಲ್ಲುಗಳು ನಡೀತಿದ್ವು, ಸೈರನ್ ಕೂಗಿದ್ರೆ ಟೈಮ್ ಎಷ್ಟಾಯ್ತು ಅಂತ ಇಡೀ ಬೀದಿಗೆ ಗೊತ್ತಾಗೋದು. ನಮ್ಮಪ್ಪ ಮಿಲ್ ಕಾರ್ಮಿಕ. ಒಂದು ರೂಮು, ಒಂದು ಅಡಿಗೆಮನೆ, ಸಾಲಾಗಿ ಅಂಟಿಕೊಂಡಿರೋ ಲೈನ್ ಮನೆಗಳು, ಒಬ್ಬರ ಮನೇಲಿ ಒಗ್ಗರಣೆ ಹಾಕಿದ್ರೆ ನಾಲ್ಕು ಮನೇಲಿ ಸೀನು ಬರೋದು. ಅಂಥ ಕಡೆ ಒಂದು ಮನೇಲಿ ಹೆಂಗಸಿಗೆ ಏಟು ಬಿದ್ರೆ ಎಷ್ಟು ಮನೆಗೆ ಕೇಳ್ಸುತ್ತೆ ನೀವೇ ಲೆಕ್ಕ ಹಾಕ್ರಿ. ಎಲ್ಲರಿಗೂ ಕೇಳಿಸ್ತಿತ್ತು. ಬೆಳಿಗ್ಗೆ ನಲ್ಲಿ ಹತ್ರ ನಮ್ಮವ್ವನ ಮುಖ ನೋಡಿ ಯಾರೂ ಏನೂ ಕೇಳ್ತಿರ್ಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಇದೆಯಲ್ಲ, ಅದನ್ನ ಹೇಳ್ಕೊಂಡು ಎಲ್ಲರೂ ಕೊಡ ತುಂಬಿಸ್ಕೊಂಡು ಹೋಗೋರು. ಅದೇ ಬಾಯಲ್ಲಿ ಇನ್ನೊಂದು ಗಾದೆನೂ ಇದೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ. ಆ ಎರಡನೇ ಗಾದೆ ಮಾತ್ರ ನಲ್ಲಿ ಹತ್ರ ಯಾರ ಬಾಯಲ್ಲೂ ಬರ್ತಿರ್ಲಿಲ್ಲ.

ಅಪ್ಪಂಗೆ ಎರಡನೇ ಶಿಫ್ಟ್ ಇದ್ದ ವಾರ ರಾತ್ರಿ 12ಕ್ಕೆ ಬಿಡೋರು. ನಂಗೆ ಆಗ ಏಳು ವರ್ಷ ಇರಬೇಕು, ಅಕ್ಕಂಗೆ ಹತ್ತು. ನಾನು ನಿದ್ದೆ ಮಾಡ್ತಿರ್ಲಿಲ್ಲ. ಕಣ್ಣು ಮುಚ್ಕೊಂಡು ಕಿವಿ ತೆರ್ಕೊಂಡು ಮಲಗಿರ್ತಿದ್ದೆ. ಬಾಗಿಲ ಮುಂದೆ ಅಪ್ಪ ಸೈಕಲ್ ಸ್ಟ್ಯಾಂಡ್ ಖಟ್ ಅಂತ ಒಂದೇ ಸಲಕ್ಕೆ ಹಾಕಿದ್ರೆ ಇವತ್ತು ಏನೂ ಇಲ್ಲ, ಮಲ್ಕೋಬಹುದು. ಸ್ಟ್ಯಾಂಡ್ ಹಾಕ್ದೆ ಗೋಡೆಗೆ ಒರಗಿಸಿದ್ರೆ, ಹ್ಯಾಂಡಲ್ ಗೋಡೆಗೆ ಕರ್ ಅಂತ ಉಜ್ಜಿದ್ರೆ, ಕುಡಿದು ಬಂದಾನೆ ಅಂತ ಅರ್ಥ. ಆ ಸದ್ದಿಗೂ ಬಾಗಿಲು ತೆಗೆಯೋದಕ್ಕೂ ನಡುವೆ ಒಂದು ಅರ್ಧ ನಿಮಿಷ ಸಿಗೋದು. ಆ ಅರ್ಧ ನಿಮಿಷದಲ್ಲಿ ನಾನು ಎದ್ದು ಒಲೆ ಪಕ್ಕದ ಸೌದೆ ತುಂಡು, ಲಟ್ಟಣಿಗೆ, ನೀರಿನ ಹಿತ್ತಾಳೆ ಚೊಂಬು, ಕೈಗೆ ಸಿಗೋವಂಥದ್ದೆಲ್ಲ ಹಾಸಿಗೆ ಕೆಳಗೆ ತಳ್ಳಿ ಮತ್ತೆ ಮಲಗಿಬಿಡ್ತಿದ್ದೆ. ಏಳು ವರ್ಷದ ಹುಡುಗನ ಡ್ಯೂಟಿ ಅದು. ಅಕ್ಕ ನನ್ನ ಕೌದಿ ಒಳಗೆ ಎಳ್ಕೊಂಡು ಎರಡೂ ಕಿವಿ ಮುಚ್ಚಿ, ಮೆಲ್ಲಕೆ ಮಗ್ಗಿ ಹೇಳ್ತಿದ್ಲು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಮುಗಿದ್ರೆ ಮತ್ತೆ ಮೊದಲಿಂದ. ನಾನು ಗಣಿತದ ಮೇಷ್ಟ್ರಾಗಿದ್ದು ಹೆಂಗೆ ಅಂತ ಕೇಳೋರಿಗೆ ಏನೇನೋ ಹೇಳ್ತೀನಿ, ನಿಜ ಇದು. ಇವತ್ತಿಗೂ ಕ್ಲಾಸಲ್ಲಿ ಮಕ್ಕಳು ಹದಿಮೂರರ ಮಗ್ಗಿ ಜೋರಾಗಿ ಹೇಳಿದ್ರೆ ನನ್ ಅಂಗೈ ಬೆವರುತ್ತೆ.

ನಮ್ಮವ್ವ ಒಂದು ಮಾತು ಹೇಳ್ತಿದ್ಲು ಏಟು ತಿನ್ನೋವಾಗ್ಲೂ, "ಮೆಲ್ಲಕೆ, ಮಕ್ಕಳು ಮಲಗ್ಯಾವೆ." ಮಲಗಿರೋ ಮಕ್ಕಳಿಗೆ ಏನೂ ಗೊತ್ತಾಗಲ್ಲ ಅನ್ನೋದು ಎಲ್ಲ ತಾಯಂದಿರ ನಂಬಿಕೆ, ಅದೊಂದೇ ಅವರಿಗೆ ಇರೋ ಸಮಾಧಾನ. ಈ ಅಂಗನವಾಡಿ ಟೀಚರ್‌ಗಳಿಗೆ ಮುಖ್ಯವಾಗಿ ಇದನ್ನ ಹೇಳಬೇಕು. ಅಮೆರಿಕದ ಒರೆಗಾನ್ ಯೂನಿವರ್ಸಿಟೀಲಿ 6ರಿಂದ 12 ತಿಂಗಳ ಕೂಸುಗಳನ್ನ ನಿದ್ದೆ ಮಾಡ್ತಿರೋವಾಗ್ಲೇ ಸ್ಕ್ಯಾನಿಂಗ್ ಮಷಿನ್ ಒಳಗೆ ಮಲಗಿಸಿ ನೋಡಿದ್ರು, 2013ರಲ್ಲಿ ಅದು ಪ್ರಕಟ ಆಯ್ತು. ಕೂಸು ಗಾಢ ನಿದ್ದೇಲಿ ಇದೆ, ಕಿವಿಗೆ ಬೇರೆ ಬೇರೆ ಧ್ವನಿ ಕೇಳಿಸ್ತಾರೆ, ಖುಷಿ ಧ್ವನಿ, ಸುಮ್ನೆ ಧ್ವನಿ, ಸಿಟ್ಟಿನ ಧ್ವನಿ. ಅಪ್ಪ ಅಮ್ಮ ಜಾಸ್ತಿ ಜಗಳ ಆಡೋ ಮನೆ ಕೂಸುಗಳ ಮೆದುಳು ಸಿಟ್ಟಿನ ಧ್ವನಿಗೆ ಬೇರೆ ಕೂಸುಗಳಿಗಿಂತ ಜಾಸ್ತಿ ಎಚ್ಚರ ಆಗ್ತಿತ್ತು, ಅದೂ ಒತ್ತಡ ಭಯ ಇಂಥದ್ದನ್ನೆಲ್ಲ ನೋಡ್ಕೊಳ್ಳೋ ಭಾಗಗಳಲ್ಲಿ. ಮಾತು ಬಾರದ, ನಿಲ್ಲೋಕೆ ಬಾರದ ಕೂಸು. ಅಂದ್ರೆ ಕೂಸು ಮಲಗಿದ್ರೂ ಅದರೊಳಗೆ ಯಾರೋ ಒಬ್ಬರು ಕಾವಲು ಕೂತಿರ್ತಾರೆ. ಇದನ್ನ ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಆ ಕಾವಲು ಕೂತವರ ಶಿಫ್ಟ್ ಮುಗಿಯಲ್ಲ ನೋಡ್ರಿ, ನಾನು ಹೇಳಬೇಕಂತ ಬಂದಿರೋದು ಅದೇ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ವು, ಸೈರನ್ ನಿಂತು ಎಷ್ಟೋ ವರ್ಷ ಆಯ್ತು, ಅಪ್ಪ ಹೋಗಿ 14 ವರ್ಷ ಆಯ್ತು. ನಾನು ಈಗ ಬೇರೆ ಬಡಾವಣೇಲಿ ಸ್ವಂತ ಮನೆ ಕಟ್ಕೊಂಡಿದ್ದೀನಿ. ಪಕ್ಕದ ಮನೆ ಹುಡುಗ ರಾತ್ರಿ ಹನ್ನೊಂದೂವರೆಗೆ ಕೆಲಸ ಮುಗಿಸ್ಕೊಂಡು ಬಂದು ಬೈಕ್ ನಿಲ್ಲಿಸ್ತಾನೆ, ಪಾಪ ಒಳ್ಳೇ ಹುಡುಗ, ಆ ಸ್ಟ್ಯಾಂಡ್ ಸದ್ದಿಗೆ ನಾನು ಎದ್ದು ಕೂತಿರ್ತೀನಿ. ಎದೆ ಡವಡವ ಅಂತಿರುತ್ತೆ. ಯಾಕೆ ಅಂತ ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಮೈಗೆ ಇನ್ನೂ ಏಳೇ ವರ್ಷ.

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅಂತ ನಮ್ಮ ಹಿರೀಕರು ಹೇಳಿದ್ದು ಗುಣ ನಡತೆ ಬಗ್ಗೆ ಅಂತ ನಾವು ಅನ್ಕೊಂಡಿದ್ದೀವಿ. ನಂಗೆ ಅನ್ಸೋದು, ಅದು ಭಯಕ್ಕೂ ಅಷ್ಟೇ ಸರಿಯಾದ ಮಾತು. ಅಪಾಯ ಬಂದಾಗ ಮೈ ಏನು ಮಾಡುತ್ತೆ? ಮೆದುಳಲ್ಲಿ ಬಾದಾಮಿ ಆಕಾರದ ಒಂದು ಭಾಗ ಇದೆ, ಅಮಿಗ್ಡಲಾ ಅಂತಾರೆ, ಅದು ಸೈರನ್ ಕೂಗುತ್ತೆ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಬರ್ತವೆ, ಎದೆ ಬಡಿತ ಏರುತ್ತೆ, ಹೊಟ್ಟೆ ಜೀರ್ಣ ಮಾಡೋದು ನಿಲ್ಲಿಸುತ್ತೆ, ಓಡು ಇಲ್ಲ ಹೊಡಿ, ಎರಡೂ ಆಗ್ಲಿಲ್ವಾ, ಮರಗಟ್ಟಿ ಬಿದ್ಕೋ. ಹಾವು ಕಂಡಾಗ ಇದು ಬೇಕು. ಹಾವು ಹೋದ್ಮೇಲೆ ಸೈರನ್ ನಿಲ್ಲುತ್ತೆ. ಆದ್ರೆ ಹಾವು ದಿನಾ ರಾತ್ರಿ 12ಕ್ಕೆ ಮನೆಗೇ ಬರೋದಾದ್ರೆ, ಅದೇ ಅಪ್ಪ ಭಾನುವಾರ ಹೆಗಲ ಮೇಲೆ ಕೂರಿಸ್ಕೊಂಡು ಮಂಡಕ್ಕಿ ಮಿರ್ಚಿ ಕೊಡಿಸೋನೂ ಆದ್ರೆ, ಮಗು ಸೈರನ್ ಯಾವಾಗ ನಿಲ್ಲಿಸಬೇಕು ಹೇಳ್ರಿ? ನಿಲ್ಲಿಸೋದೇ ಇಲ್ಲ. ಬೆಳೆಯೋ ಮೆದುಳು ಅದನ್ನೇ ಮಾಮೂಲು ಅಂತ ಇಟ್ಕೊಂಡು ಅದರ ಸುತ್ತ ಬೆಳೆಯುತ್ತೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಇಯಾಮನ್ ಮೆಕ್ರೋರಿ ಮತ್ತೆ ಅವರ ಜೊತೆಯವರು 2011ರಲ್ಲಿ ಮಕ್ಕಳಿಗೆ ಬೇರೆ ಬೇರೆ ಮುಖದ ಫೋಟೋ ತೋರಿಸಿ ಸ್ಕ್ಯಾನ್ ಮಾಡಿದ್ರು. ಮನೇಲಿ ಹಿಂಸೆ ಕಂಡ ಮಕ್ಕಳ ಮೆದುಳು ಸಿಟ್ಟಿನ ಮುಖ ನೋಡಿದಾಗ ಹೆಂಗೆ ಉರಿಯುತ್ತೋ, ಅದು ಯುದ್ಧ ಮಾಡಿ ಬಂದ ಸೈನಿಕರಲ್ಲಿ ಕಂಡಿದ್ದ ಥರಾನೇ ಇತ್ತು ಅಂದ್ರು. ಆ ಮಕ್ಕಳಿಗೆ ಯಾವ ಕಾಯಿಲೇನೂ ಇರ್ಲಿಲ್ಲ, ನೋಡೋಕೆ ಆರಾಮಾಗೇ ಇದ್ರು. ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಸೆತ್ ಪೊಲಾಕ್ ಅನ್ನೋರು ಇನ್ನೊಂದು ಥರ ನೋಡಿದ್ರು, ಮಸುಕಾಗಿರೋ ಮುಖದ ಚಿತ್ರ ಸ್ವಲ್ಪ ಸ್ವಲ್ಪನೇ ಸ್ಪಷ್ಟ ಆಗ್ತಾ ಬರುತ್ತೆ, ಇದು ಯಾವ ಭಾವ ಅಂತ ಮಕ್ಕಳು ಹೇಳಬೇಕು. ಏಟು ತಿಂದು ಬೆಳೆದ ಮಕ್ಕಳು ಸಿಟ್ಟನ್ನ ಬೇರೆ ಮಕ್ಕಳಿಗಿಂತ ಬೇಗ, ಇನ್ನೂ ಮಸುಕಾಗಿರೋವಾಗ್ಲೇ ಗುರುತು ಹಿಡಿದ್ರು.

ಇದು ಒಂದು ಶಕ್ತಿ ಅಂತ ಅನ್ಸಬಹುದು. ನಂಗೂ ಹಂಗೇ ಅನ್ಸಿತ್ತು ಒಂದು ಕಾಲದಲ್ಲಿ. ಸ್ಟಾಫ್ ರೂಮಿಗೆ ಹೆಡ್‌ಮಾಸ್ಟರ್ ಕಾಲಿಟ್ಟ ಕೂಡ್ಲೇ ಅವರ ಮೂಡ್ ನಂಗೆ ಗೊತ್ತಾಗೋದು, ಚಪ್ಪಲಿ ಸದ್ದಲ್ಲೇ ಗೊತ್ತಾಗೋದು. ಆದ್ರೆ ಗೊತ್ತಾದ್ಮೇಲೆ ನಾನು ಮಾಡ್ತಿದ್ದಿದ್ದು ಏನು? ಅವರ ಸಿಟ್ಟು ಇಳಿಸೋ ಕೆಲಸ. ಯಾರೂ ಕೇಳ್ದೆ ಇದ್ರೂ ನಾನೇ ಮಾಡ್ತೀನಿ ಬಿಡಿ ಸಾರ್ ಅನ್ನೋದು. ಬೇರೆಯವರ ಎಲೆಕ್ಷನ್ ಡ್ಯೂಟಿ ನಾನು ಮಾಡಿದ್ದೀನಿ, ಜನಗಣತಿ ನಾನು, ಪರೀಕ್ಷಾ ಕೆಲಸ ನಾನು. ಎಲ್ಲರೂ ಒಳ್ಳೇ ಮನುಷ್ಯ ಅಂದ್ರು. ಒಳ್ಳೇತನ ಅಲ್ಲ ಅದು, ಸೌದೆ ತುಂಡು ಹಾಸಿಗೆ ಕೆಳಗೆ ತಳ್ಳೋ ಅದೇ ಹುಡುಗ. ಯಾರಿಗಾದ್ರೂ ಆಗಲ್ಲ ಅಂತ ಒಂದು ಮಾತು ಹೇಳೋಕೆ ನಂಗೆ 45 ವರ್ಷ ಬೇಕಾಯ್ತು, ಹೇಳಿದ ದಿನ ಮನೆಗೆ ಬಂದು ಜ್ವರ ಬಂದಂಗೆ ಮಲಗಿದ್ದೆ.

ಮನೇಲಿ ಏನಾಯ್ತು ಹೇಳ್ತೀನಿ. ನಾನು ಮದುವೆ ಆಗೋವಾಗ ಒಂದು ಶಪಥ ಮಾಡಿದ್ದೆ, ಹೆಂಡ್ತಿ ಮೇಲೆ ಕೈ ಎತ್ತಲ್ಲ ಅಂತ. ಎತ್ತಿಲ್ಲ. ಅಷ್ಟಕ್ಕೆ ನಾನು ಗೆದ್ದೆ ಅನ್ಕೊಂಡಿದ್ದೆ. ಆದ್ರೆ ಸಣ್ಣ ಮಾತಿಗೆ ಮಾತು ಬಂದ್ರೂ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅನ್ನೋ ಮಾತು ಸ್ವಲ್ಪ ಎತ್ತರದ ಧ್ವನೀಲಿ ಬಂದ್ರೂ, ನಾನು ಬಾಯಿ ಮುಚ್ಕೊಂಡು ಬಿಡ್ತಿದ್ದೆ. ಒಂದು ದಿನ ಅಲ್ಲ, ಮೂರು ದಿನ, ನಾಲ್ಕು ದಿನ. ಊಟ ಮಾಡ್ತೀನಿ, ಸ್ಕೂಲಿಗೆ ಹೋಗ್ತೀನಿ, ಮಾತಿಲ್ಲ. ಬೇಕಂತ ಅಲ್ಲ, ಗಂಟಲಿಂದ ಬರ್ತಾನೇ ಇರ್ಲಿಲ್ಲ. ಮದುವೆ ಆಗಿ ಒಂಬತ್ತು ವರ್ಷಕ್ಕೆ ಒಂದಿನ ನನ್ ಹೆಂಡ್ತಿ ಅಂದ್ಲು, "ನೋಡ್ರಿ, ನೀವು ಹೊಡೆಯಲ್ಲ ಬೈಯಲ್ಲ, ಊರೆಲ್ಲ ನನ್ನ ಪುಣ್ಯವಂತೆ ಅಂತಾರೆ. ಆದ್ರೆ ನೀವು ಹಿಂಗೆ ಕೂತಾಗ ಈ ಮನೇಲಿ ನಾನೊಬ್ಳೇ ಇದ್ದೀನಿ ಅನ್ಸುತ್ತೆ. ಮಗ ನಿಮ್ ಮುಖ ನೋಡಿ ಅವನೂ ಮಾತು ಬಿಟ್ಟಾನೆ, ನೋಡಿದ್ರಾ?" ನೋಡಿರ್ಲಿಲ್ಲ. ಊರವರ ಮುಖ ಎಲ್ಲ ಓದೋ ನಾನು ನನ್ ಮಗನ ಮುಖ ಓದಿರ್ಲಿಲ್ಲ. ಅವನು ಆರು ವರ್ಷಕ್ಕೆ ನನ್ನ ಚಪ್ಪಲಿ ಸದ್ದು ಕೇಳ್ಕೊಂಡು ಕೂರ್ತಿದ್ದ. ಏಟಿಲ್ಲದ ಮನೇಲೂ ಕಾವಲುಗಾರ ಹುಟ್ಟಿಬಿಟ್ಟಿದ್ದ.

ಇನ್ನು ಅಕ್ಕ. ಅವಳನ್ನ ಕೇಳಿಯೇ ಹೇಳ್ತಿದ್ದೀನಿ, ಹೇಳು ಅಂದಿದ್ದಾಳೆ. ಅದೇ ಮನೆ, ಅದೇ ಕೌದಿ, ಅವಳಿಗೆ ಆಗಿದ್ದೇ ಬೇರೆ. ಅವಳನ್ನ ಚಿತ್ರದುರ್ಗ ಕಡೆ ಒಂದು ಹಳ್ಳಿಗೆ ಕೊಟ್ರು. ಗಂಡ ಹೊಡೀತಾನೆ ಅಂತ ಎಂಟು ವರ್ಷ ಅವಳು ನಮಗೆ ಹೇಳ್ಲೇ ಇಲ್ಲ. ಆಮೇಲೆ ನಾನು ಯಾಕಕ್ಕ ಹೇಳ್ಲಿಲ್ಲ ಅಂತ ಅತ್ತು ಕೇಳಿದ್ರೆ, "ಹೇಳೋ ಅಂಥದ್ದು ಏನಿತ್ತೋ, ಎಲ್ಲರ ಮನೇಲೂ ಇರೋದೇ ಅಲ್ವಾ" ಅಂದ್ಲು. ಬೇಜಾರಿಂದ ಅಂದಿದ್ದಲ್ಲ, ನಿಜವಾಗ್ಲೂ ಅವಳು ಹಂಗೇ ಅನ್ಕೊಂಡಿದ್ಲು. ಅವಳು ಕಂಡ ಮನೆ ಒಂದೇ ಥರದ್ದು. ಮತ್ತೆ ಅವಳು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದಲ್ಲಿ ಮದುವೆ ಆದ 18ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಕಂಡೋರು. ಆ ಒಂದೊಂದು ಮನೇಲೂ ಕೌದಿ ಒಳಗೆ ಎಷ್ಟು ಮಕ್ಕಳು ಮಗ್ಗಿ ಹೇಳ್ಕೊಂಡು ಮಲಗಿರ್ತಾವೆ, ಅದನ್ನ ಆ ಲೆಕ್ಕದಲ್ಲಿ ಹಿಡಿದಿಲ್ಲ. ಅವು ನಾಳೆ ನಿಮ್ ಕ್ಲಾಸಿಗೆ ಬರ್ತಾವೆ.

ಅಕ್ಕಂಗೆ ತಲೆನೋವು. ಹೊಟ್ಟೆನೋವು. ಕುತ್ತಿಗೆ ಹಿಡ್ಕೊಳ್ಳೋದು. ಹದಿನೈದು ವರ್ಷ ಆಸ್ಪತ್ರೆ ಆಸ್ಪತ್ರೆ ಸುತ್ತಿದ್ವಿ, ಸ್ಕ್ಯಾನಿಂಗ್ ಆಯ್ತು, ಹೊಟ್ಟೆಗೆ ಕೊಳವೆ ಬಿಟ್ಟು ನೋಡಿದ್ದಾಯ್ತು, ಎಲ್ಲ ನಾರ್ಮಲ್. ಒಬ್ಬ ಡಾಕ್ಟ್ರಂತೂ ಇದು ಹೆಂಗಸರ ನಾಟಕ ಅನ್ನೋ ಥರ ಮಾತಾಡಿದ್ರು, ಅವತ್ತು ಬಸ್ಸಲ್ಲಿ ಅವಳು ಕಿಟಕಿ ಕಡೆ ಮುಖ ಹಾಕ್ಕೊಂಡು ಕೂತಿದ್ದು ನಂಗೆ ಮರೆಯೋಕಾಗಲ್ಲ. ಕೊನೆಗೆ ಜಿಲ್ಲಾಸ್ಪತ್ರೇಲಿ ಮಾನಸಿಕ ವಿಭಾಗದ ಒಬ್ಬರು ಡಾಕ್ಟ್ರಮ್ಮ, ಚಿಕ್ಕ ವಯಸ್ಸು, ಅವಳ ಚೀಟಿ ಎಲ್ಲ ಪಕ್ಕಕ್ಕೆ ಇಟ್ಟು ಕೇಳಿದ್ರು, "ಅಮ್ಮಾ, ನೀವು ಸಣ್ಣೋರಿದ್ದಾಗ ಮನೆ ಹೆಂಗಿತ್ತು?" ಅಕ್ಕಂಗೆ ಆಗ 46 ವರ್ಷ. ಆ ಪ್ರಶ್ನೆ ಅವಳನ್ನ ಅಲ್ಲೀ ತನಕ ಯಾರೂ ಕೇಳಿರ್ಲಿಲ್ಲ. ಒಂದು ಗಂಟೆ ಅತ್ಲಂತೆ, ಹೊರಗೆ ಬೆಂಚ್ ಮೇಲೆ ಕೂತಿದ್ದ ನಂಗೆ ಕೇಳಿಸ್ತಿತ್ತು.

ಈ ಪ್ರಶ್ನೆ ಕೇಳಬೇಕು ಅಂತ ವೈದ್ಯಲೋಕಕ್ಕೆ ಹೊಳೆದಿದ್ದೂ ಒಂಥರಾ ಆಕಸ್ಮಿಕವಾಗೇ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅಂತ ಒಬ್ಬ ಡಾಕ್ಟ್ರು 1980ರ ದಶಕದಲ್ಲಿ ಬೊಜ್ಜು ಇಳಿಸೋ ಕ್ಲಿನಿಕ್ ನಡೆಸ್ತಿದ್ರು. ಚೆನ್ನಾಗಿ ತೂಕ ಇಳಿಸಿಕೊಳ್ತಿದ್ದೋರೇ ನಡುವೆ ಬಿಟ್ಟು ಹೋಗ್ತಿದ್ರು. ಯಾಕಪ್ಪಾ ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ತುಂಬಾ ಜನರ ಬಾಲ್ಯದಲ್ಲಿ ದೌರ್ಜನ್ಯ ಇತ್ತು ಅಂತ ಗೊತ್ತಾಯ್ತು. ಆಮೇಲೆ ಅವರು ರಾಬರ್ಟ್ ಆಂಡಾ ಅನ್ನೋರ ಜೊತೆ ಸೇರಿ 1995ರಿಂದ 97ರ ತನಕ 17 ಸಾವಿರಕ್ಕೂ ಜಾಸ್ತಿ ಜನರನ್ನ ಕೇಳಿ ನೋಡಿದ್ರು, ಬಾಲ್ಯದಲ್ಲಿ ಏಟು, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಗೆ ಹೊಡೆಯೋದು ನೋಡಿದ್ದು, ಮನೇಲಿ ಕುಡುಕರು ಇದ್ದಿದ್ದು, ಇಂಥವು ಎಷ್ಟು ಇದ್ವು, ಈಗ ಆರೋಗ್ಯ ಹೆಂಗಿದೆ ಅಂತ. ಮೊದಲ ವರದಿ 1998ರಲ್ಲಿ ಬಂತು. ಇಂಥ ನಾಲ್ಕು ಅಥವಾ ಜಾಸ್ತಿ ಥರದ ಕಷ್ಟ ಕಂಡೋರಿಗೆ, ಏನೂ ಕಾಣದೋರಿಗಿಂತ, ಕುಡಿತ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಪ್ರಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಜಾಸ್ತಿ. ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆನೂ ಜಾಸ್ತಿ. ಅವರೆಲ್ಲ ಬಡವರಲ್ಲ ಮತ್ತೆ, ಹೆಚ್ಚಿನವರು ಓದಿದೋರು, ಇನ್ಶೂರೆನ್ಸ್ ಇರೋರು. ಹಂಗಾಗಿ ಇದು ಲೈನ್ ಮನೆಗಳ ಕಥೆ ಮಾತ್ರ, ಕೂಲಿಯವರ ಮನೆ ಕಥೆ ಮಾತ್ರ ಅಂತ ಯಾರೂ ಅನ್ಕೋಬೇಡ್ರಿ. ದೊಡ್ಡ ಮನೇಲಿ ಗೋಡೆ ದಪ್ಪ ಇರುತ್ತೆ, ಅಷ್ಟೇ.

ಆದ್ರೆ ಈ ಲೆಕ್ಕ ಹಿಡ್ಕೊಂಡು ಒಂದೊಂದು ಮಗುವಿಗೂ ಮಾರ್ಕ್ಸ್ ಹಾಕೋ ಥರ ಇದಕ್ಕೆ ಐದು, ಇದು ಉದ್ಧಾರ ಆಗಲ್ಲ ಅಂತ ಬರೆದುಬಿಡಬೇಡ್ರಿ. ಆಂಡಾ ಅವರೇ 2020ರಲ್ಲಿ ಬರೆದಿದ್ದಾರೆ, ಇದು ಗುಂಪಿಗೆ ಹೇಳೋ ಮಾತು, ಒಬ್ಬೊಬ್ಬರ ಹಣೆಬರಹ ಹೇಳೋಕೆ ಬಳಸಬಾರದು ಅಂತ. ನಂಗೆ ಇದು ತುಂಬಾ ಮುಖ್ಯ. ಯಾಕಂದ್ರೆ ನಾನು ಚಿಕ್ಕೋನಿದ್ದಾಗ ನೆಂಟರು, ಮಾವಂದಿರು, ಬೀದಿಯವರು ಎಲ್ಲ ನನ್ ಮುಖ ನೋಡಿ ಅಪ್ಪನಂಗೇ ಮಗ ಅನ್ನೋರು. ಪ್ರೀತಿಗೆ ಅಂತಿದ್ರೋ ಏನೋ. ನಂಗೆ ಅದು ಶಾಪ ಹಾಕಿದಂಗೆ ಕೇಳಿಸ್ತಿತ್ತು. ಕ್ಯಾಥಿ ಸ್ಪಾಟ್ಜ್ ವಿಡಮ್ ಅನ್ನೋರು 1989ರಲ್ಲಿ ಇದನ್ನೇ ಲೆಕ್ಕ ಹಾಕಿದ್ರು, ಚಿಕ್ಕಂದಿನಲ್ಲಿ ಹಿಂಸೆ, ನಿರ್ಲಕ್ಷ್ಯ ಕಂಡ ಮಕ್ಕಳಲ್ಲಿ ನೂರಕ್ಕೆ 26 ಜನ ಹದಿಹರೆಯದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ರು, ಹಂಗೆ ಕಾಣದ ಮಕ್ಕಳಲ್ಲಿ 17. ಜಾಸ್ತಿ ಹೌದು. ಆದ್ರೆ ನೂರಕ್ಕೆ 74 ಮಕ್ಕಳು ಸಿಕ್ಕಿಲ್ಲ, ಅದನ್ನೂ ಓದ್ರಿ. ಹೆಚ್ಚಿನ ಮಕ್ಕಳು ಅಪ್ಪನಂಗೆ ಆಗಲ್ಲ. ಆಗಬಾರದು ಅಂತ ಜೀವ ತೇಯ್ಕೊಂಡು ಬದುಕ್ತಾರೆ, ಆ ತೇಯೋದು ಯಾರಿಗೂ ಕಾಣಲ್ಲ.

ನಾನು ಅಪ್ಪನಂಗೆ ಆಗದೆ ಉಳಿದಿದ್ದು ನನ್ ದೊಡ್ಡಸ್ತಿಕೆ ಅಲ್ಲ. ಪಕ್ಕದ ಮನೇಲಿ ಒಬ್ಬರು ಬೂಬಮ್ಮ ಇದ್ರು. ಮಂಡಕ್ಕಿ ಭಟ್ಟೀಲಿ ಕೆಲಸ, ಬಿಸಿ ಮರಳಲ್ಲಿ ಹುರಿದು ಹುರಿದು ಕೈ ಎಲ್ಲ ಕಪ್ಪು. ನಮ್ಮನೇಲಿ ಗದ್ದಲ ಶುರುವಾದ್ರೆ ಬೂಬಮ್ಮ ಏನೂ ಅನ್ನೋರಲ್ಲ, ಎದ್ದು ಹೊರಗೆ ಬಂದು ಲಾಟೀನು ದೊಡ್ಡದು ಮಾಡಿ ನಮ್ಮ ಬಾಗಿಲ ಎದುರಿಗೇ ಇಟ್ಟು, ಕೂತ್ಕೊಂಡು ಕೆಮ್ಮೋರು. ಬರೀ ಕೆಮ್ಮೋದು. ಯಾರೋ ಎಚ್ಚರ ಇದ್ದಾರೆ ಅಂತ ಗೊತ್ತಾದ್ರೆ ಅಪ್ಪನ ಕೈ ಸ್ವಲ್ಪ ಇಳಿಯೋದು. ಇಡೀ ಲೈನಲ್ಲಿ ಎದ್ದು ಬಂದೋರು ಅವರೊಬ್ಬರೇ. ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟ್ರೆ ಕರೆದು ಅಂಗಿ ಚಾಚು ಅಂದು ಬಿಸಿ ಮಂಡಕ್ಕಿ ಸುರೀತಿದ್ರು, "ಪಾಸಾಗ್ತೀಯೇನೋ ಬೇಟಾ" ಅಂತ ಕೇಳೋರು, ಅಷ್ಟೇ. ಹವಾಯಿ ದ್ವೀಪಗಳಲ್ಲಿ ಕವಾಯಿ ಅಂತ ಒಂದು ದ್ವೀಪ, ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಅನ್ನೋ ಮನಃಶಾಸ್ತ್ರಜ್ಞೆ ಮತ್ತೆ ಅವರ ಜೊತೆಯವರು ಹತ್ತಾರು ವರ್ಷ ಬೆನ್ನು ಹತ್ತಿ ನೋಡಿದ್ರು. ಬಡತನ, ಜಗಳ, ಕುಡಿತ ಎಲ್ಲ ಸೇರಿದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಗಟ್ಟಿಯಾಗಿ, ಪ್ರೀತಿ ಇಟ್ಕೊಂಡು ಬೆಳೆದ್ವು. ಅವುಗಳಿಗೆ ಆಸರೆ ಆಗಿದ್ದು ಏನು ಅಂತ ನೋಡಿದ್ರೆ, ನೆಚ್ಚಿಕೊಳ್ಳೋಕೆ ಒಬ್ಬರಾದ್ರೂ ದೊಡ್ಡೋರು ಇದ್ರು, ಅಜ್ಜೀನೋ, ಪಕ್ಕದ ಮನೆಯವರೋ, ಮೇಷ್ಟ್ರೋ. ಇದನ್ನ ಓದೋವಾಗ ನಂಗೆ ಬೂಬಮ್ಮನ ಕೆಮ್ಮು ಕೇಳಿಸ್ತು.

ಈಗ ನಿಮ್ ವಿಷಯಕ್ಕೆ ಬರ್ತೀನಿ. ಮೊದಲು ನನ್ ತಪ್ಪು ಹೇಳಿಬಿಡ್ತೀನಿ. ಕೆಲಸಕ್ಕೆ ಸೇರಿದ ಮೊದಲ ಎಂಟು ಹತ್ತು ವರ್ಷ ನಾನು ಬೆತ್ತ ಹಿಡಿದಿದ್ದೆ. ಹೊಡೀದೆ ಮಕ್ಕಳು ಕಲಿಯಲ್ಲ ಅಂತ ನಂಬಿದ್ದೆ, ನಾನೇ ಏಟಿಗೆ ನಡುಗಿ ಬೆಳೆದೋನು ಅದನ್ನ ಹೆಂಗೆ ನಂಬಿದೆ ಅಂತ ಈಗ ನೆನೆಸಿಕೊಂಡ್ರೆ ಸಂಕಟ ಆಗುತ್ತೆ. ಎಂಟನೇ ಕ್ಲಾಸಿನ ಹುಡುಗ ಒಬ್ಬ ದಿನಾ ಮೊದಲ ಪೀರಿಯಡ್ ನಿದ್ದೆ ಮಾಡೋನು. ಎಬ್ಬಿಸಿ ನಿಲ್ಲಿಸಿ ಹೊಡೆದೆ. ಅವನು ಕೈ ಹಿಂದಕ್ಕೆ ಎಳ್ಕೊಳ್ಲೂ ಇಲ್ಲ, ಅಳ್ಲೂ ಇಲ್ಲ, ಕಣ್ಣು ಎಲ್ಲೋ ದೂರ ಇತ್ತು. ಆ ಕಣ್ಣು ನಂಗೆ ಗೊತ್ತಿರೋ ಕಣ್ಣು. ಆಮೇಲೆ ತಿಳೀತು, ಅವರಪ್ಪ ರಾತ್ರಿ ಹೊರಗೆ ಹಾಕಿದ್ರೆ ಅವನು ತಾಯಿ ತಂಗಿ ಕರ್ಕೊಂಡು ಬಸ್ ಸ್ಟ್ಯಾಂಡಲ್ಲಿ ಬೆಳಗು ಮಾಡ್ತಿದ್ದ. ಅವತ್ತೇ ಬೆತ್ತ ಮುರಿದೆ. ಅವನ ಹತ್ರ ಹೋಗಿ ತಪ್ಪಾಯ್ತು ಅನ್ನೋಕೆ ಮಾತ್ರ ಒಂದು ವಾರ ತಗೊಂಡೆ. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಶಾಲೇಲಿ ಹೊಡೆಯೋದು, ಮಾನಸಿಕ ಕಿರುಕುಳ ಕೊಡೋದು ಎರಡನ್ನೂ ನಿಷೇಧ ಮಾಡಿದೆ, ನೀವು ಪರೀಕ್ಷೆಗೆ ಓದ್ತೀರಿ. ಪರೀಕ್ಷೆ ಆದ್ಮೇಲೂ ಮರೀಬೇಡ್ರಿ.

ನಿದ್ದೆ ಮಾಡೋ ಮಗು, ಬಾಗಿಲು ಬಡಿದ್ರೆ ಬೆಚ್ಚಿ ಬೀಳೋ ಮಗು, ಇದ್ದಕ್ಕಿದ್ದಂಗೆ ಮೈಮೇಲೆ ಬೀಳೋ ಮಗು, ಇವು ನಿಮ್ ಕಣ್ಣಿಗೆ ಬೀಳ್ತವೆ. ನಾನು ಹೇಳೋದು ಇನ್ನೊಂದು ಮಗು ಬಗ್ಗೆ. ತುಂಬಾ ಒಳ್ಳೇ ಮಗು. ನೀವು ಚಾಕ್ ಹುಡುಕೋ ಮುಂಚೇನೇ ತಂದು ಕೊಡುತ್ತೆ, ನಿಮ್ ಮುಖ ಸಪ್ಪಗಾದ್ರೆ ಟೀಚರ್ ಏನಾಯ್ತು ಅಂತ ಕೇಳುತ್ತೆ, ಒಂದು ತಪ್ಪೂ ಮಾಡಲ್ಲ. ಆ ಮಗೂನ ಸ್ವಲ್ಪ ನೋಡ್ರಿ. ನಾನು ಅದೇ ಮಗು ಆಗಿದ್ದೆ, ಎಲ್ಲ ಮೇಷ್ಟ್ರಿಗೂ ಇಷ್ಟ ಆಗಿದ್ದೆ, ಒಬ್ಬರಿಗೂ ನನ್ ಮೇಲೆ ಅನುಮಾನ ಬರ್ಲಿಲ್ಲ.

ಇನ್ನೊಂದು, ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ ಅಂತ ಡೈರೀಲಿ ಬರೆಯೋ ಮುಂಚೆ ಒಂದು ನಿಮಿಷ ನಿಲ್ಲಿ. ಕೆಲವು ಮನೇಲಿ ಆ ಒಂದು ಸಾಲು ಅಂದ್ರೆ ರಾತ್ರಿ ಮಗುವಿಗೂ ತಾಯಿಗೂ ಏಟು. ಮಗುವಿಂದ ಬಲವಂತವಾಗಿ ಕಥೆ ಹೇಳಿಸೋಕೂ ಹೋಗಬೇಡ್ರಿ, ಎಲ್ಲರೆದುರು ಅಂತೂ ಬೇಡ್ವೇ ಬೇಡ. ದಿನಾ ಅದೇ ಟೈಮಿಗೆ ಬನ್ನಿ, ಅದೇ ಮುಖ ಇಟ್ಕೊಂಡು ಬನ್ನಿ, ಹೆಸರು ಹಿಡಿದು ಕರೀರಿ. ನೆನ್ನೆ ಇದ್ದ ಮನುಷ್ಯನೇ ಇವತ್ತೂ ಬಂದ ಅನ್ನೋದು ಆ ಮಗುವಿಗೆ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಾಗಲ್ಲ. ಅಪಾಯ ಇದೆ ಅನ್ಸಿದ್ರೆ 1098 ಇದೆ, ಮಕ್ಕಳ ಸಹಾಯವಾಣಿ, ತಾಯಿಗೆ 181 ಇದೆ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸ್ಲೇಬೇಕು, ಸುಮ್ಮನಿರೋದು ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೇಲಿ ಹೊಡೆತ ಮಾತ್ರ ಅಲ್ಲ, ಬೈಗುಳ, ದುಡ್ಡು ಕೊಡದೆ ಸತಾಯಿಸೋದೂ ಹಿಂಸೆನೇ, ಹೆಣ್ಣುಮಕ್ಕಳಿಗೆ ಅದೇ ಮನೇಲಿ ವಾಸ ಮಾಡೋ ಹಕ್ಕಿದೆ, ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ. ನಮ್ಮವ್ವನ ಕಾಲಕ್ಕೆ ಇದ್ಯಾವುದೂ ಇರ್ಲಿಲ್ಲ. ಅಕ್ಕನ ಕಾಲಕ್ಕೆ ಇತ್ತು, ಆದ್ರೆ ಹೇಳೋರು ಇರ್ಲಿಲ್ಲ.

ದೊಡ್ಡೋರಾದ್ಮೇಲೆ ವಾಸಿ ಆಗುತ್ತಾ ಅಂತ ಕೇಳ್ತೀರಿ. ಇಂಥದ್ದಕ್ಕೆ ಈಗ ಒಂದು ಹೆಸರೂ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟೀಲಿ 2022ರಿಂದ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಸೇರಿದೆ, ಆಘಾತ ಆದ್ಮೇಲೂ ಉಳ್ಕೊಳ್ಳೋ ಮನಸ್ಸಿನ ಕಾಯಿಲೆ, ವರ್ಷಗಟ್ಟಲೆ ತಪ್ಪಿಸ್ಕೊಳ್ಳೋಕಾಗದೆ ಹಿಂಸೆ ಅನುಭವಿಸಿದೋರಿಗೆ ಬರೋವಂಥದ್ದು. ಎಲ್ಲರಿಗೂ ಅದೇ ಇರುತ್ತೆ ಅಂತಲ್ಲ. ಅಕ್ಕಂಗೆ ಎರಡು ವರ್ಷ ಮಾತಿನ ಚಿಕಿತ್ಸೆ, ಸ್ವಲ್ಪ ದಿನ ಮಾತ್ರೆ, ತಲೆನೋವು ಪೂರ್ತಿ ಹೋಗಿಲ್ಲ, ತಿಂಗಳಿಗೆ ಒಂದೋ ಎರಡೋ ಸಲ. ನಾನೂ ಹೋದೆ ಅವಳ ಹಿಂದೆ. ಕಲಿತಿದ್ದು ಸಣ್ಣದು, ಆದ್ರೆ ನಂಗೆ ದೊಡ್ಡದು. ಬೈಕ್ ಸದ್ದಿಗೆ ಎದ್ದು ಕೂತಾಗ ಪಾದ ನೆಲಕ್ಕೆ ಊರಿ, ಇದು ಆ ಕಾಲ ಅಲ್ಲ, ಇದು ನನ್ ಮನೆ, ಅದು ಪಕ್ಕದ ಹುಡುಗ ಅಂತ ಬಾಯಿ ಬಿಟ್ಟು ಹೇಳ್ಕೊಳ್ಳೋದು, ಉಸಿರು ನಿಧಾನ ಬಿಡೋದು. ಹೆಂಡ್ತಿ ಜೊತೆ ಮಾತು ನಿಲ್ಲೋ ಹಂಗಾದಾಗ "ಈಗ ಆಗ್ತಿಲ್ಲ, ಸಾಯಂಕಾಲ ಮಾತಾಡೋಣ" ಅಂತ ಅಷ್ಟಾದ್ರೂ ಹೇಳೋದು, ಸಾಯಂಕಾಲ ತಪ್ಪದೆ ಮಾತಾಡೋದು. ದುಡ್ಡಿಲ್ಲ, ಬೆಂಗಳೂರಿಗೆ ನಿಮ್ಹಾನ್ಸ್ ತನಕ ಹೋಗೋಕಾಗಲ್ಲ ಅನ್ನೋರಿಗೆ 14416 ಟೆಲಿಮಾನಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫೋನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಫ್ರೀ. ಜಿಲ್ಲಾಸ್ಪತ್ರೇಲೂ ಇದ್ದಾರೆ.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ ಕೇಳಿದ್ಲು, ಸಾರ್ ನಿಮ್ಮಪ್ಪನ್ನ ಕ್ಷಮಿಸಿದ್ರಾ ಅಂತ. ಅಪ್ಪಂಗೆ ಕೊನೆಗೆ ಶ್ವಾಸಕೋಶ ಹಾಳಾಗಿತ್ತಮ್ಮ, ಹತ್ತಿ ಧೂಳು ಕುಡಿದು ಕುಡಿದು ಮಿಲ್ ಕಾರ್ಮಿಕರಿಗೆ ಬಿಸಿನೋಸಿಸ್ ಅಂತ ಬರುತ್ತೆ, ಎರಡು ವರ್ಷ ನಾನೇ ಎತ್ತಿ ಕೂರಿಸಿ ಮಲಗಿಸಿ ಮಾಡ್ದೆ. ಅವನ ಬೆನ್ನಲ್ಲಿ ಹಳೇ ಬರೆ ಇತ್ತು, ಯಾರು ಹಾಕಿದ್ದು ಅಂದ್ರೆ, ನಮ್ಮಪ್ಪ, ಎತ್ತು ಹೊಡೆಯೋ ಬಾರುಕೋಲಲ್ಲಿ ಅಂದ. ಅಯ್ಯೋ ಅನ್ಸಿತು. ಅವ್ವಂಗೆ ಹೊಡೆದಿದ್ದು ಅದರಿಂದ ಕಮ್ಮಿ ಆಗ್ಲಿಲ್ಲ. ಎರಡೂ ಹಂಗೇ ಇದಾವೆ ನನ್ನೊಳಗೆ, ಪಕ್ಕ ಪಕ್ಕ. ಕ್ಷಮಿಸೋದು ಬಿಡೋದು ಅವ್ವನ ಹಕ್ಕು, ಅವಳು ಯಾವತ್ತೂ ಅದರ ಬಗ್ಗೆ ಮಾತಾಡ್ದೆ ಹೋದ್ಲು ಅಂದೆ.

ಅಕ್ಕ ಅವತ್ತು ಬಂದಿದ್ಲು, ಹಿಂದಿನ ಸಾಲಲ್ಲಿ ಸೆರಗು ಹೊದ್ಕೊಂಡು ಕೂತಿದ್ಲು. ಮುಗಿಸ್ಕೊಂಡು ಇಬ್ಬರೂ ಮನೆಗೆ ಬರೋ ದಾರೀಲಿ ಮಂಡಕ್ಕಿ ಅಂಗಡಿ ಮುಂದೆ ನಿಂತ್ವಿ. ಪೊಟ್ಟಣ ಬಿಚ್ಚಿ ಎರಡು ತುತ್ತು ತಿಂದ ಮೇಲೆ ಅಂದ್ಲು, "ನೀನು ಒಂದು ತಪ್ಪು ಹೇಳಿದ್ಯೋ."

"ಏನಕ್ಕ?"

"ಸೈಕಲ್ಲು ಗೋಡೆಗೆ ಒರಗಿಸಿದ್ರೆ ಅಲ್ಲ. ಎಷ್ಟೋ ಸಲ ಸ್ಟ್ಯಾಂಡ್ ಹಾಕಿನೂ ಕುಡಿದಿರ್ತಿದ್ದ. ಬೀದಿ ತಿರುವಲ್ಲಿ ಬೆಲ್ ಹೊಡೆದ್ರೆ ಕುಡಿದಿರ್ತಿದ್ದ, ಹೊಡೀದಿದ್ರೆ ಇಲ್ಲ. ನಾನು ಬೆಲ್ಲಿಗೇ ಕಾಯ್ತಿದ್ದೆ. ನೀನು ಏಳೋ ಮುಂಚೆ ನಿನ್ ಕಿವಿ ಮುಚ್ಚಬೇಕಿತ್ತಲ್ಲ."

ನಲವತ್ತೈದು ವರ್ಷದಲ್ಲಿ ನಾವಿಬ್ಬರೂ ಅದರ ಬಗ್ಗೆ ಮಾತಾಡಿದ್ದು ಅದೇ ಮೊದಲು. ನಾನು ಎಚ್ಚರ ಇರ್ತಿದ್ದಿದ್ದು ಅವಳಿಗೆ ಗೊತ್ತಿತ್ತು. ಅವಳು ನನಗಿಂತ ಮುಂಚೆ ಎಚ್ಚರ ಇರ್ತಿದ್ಲು ಅಂತ ನಂಗೆ ಗೊತ್ತಿರ್ಲಿಲ್ಲ.